ಸೋತ ಪಡೆಯ ಸೇನಾನಿ

ಗೆದ್ದ ಸೇನಾಪತಿಯ ಗುಣಗಳನ್ನು ಎಣಿಸುವುದು ಸುಲಭ. ಗೆಲುವೇ ಅವನ ಪರವಾಗಿ ಸಾಕ್ಷಿ ನುಡಿಯುತ್ತದೆ. ಅವನ ಹಟಕ್ಕೆ ಆಗ ದೃಢನಿಶ್ಚಯವೆಂಬ ಹೆಸರು ಬರುತ್ತದೆ. ದುಡುಕಿಗೆ ಸಾಹಸವೆಂಬ ಹೆಸರು ಬರುತ್ತದೆ. ಆದರೆ ಸೋತು ತಲೆತಗ್ಗಿಸಿ ನಿಂತ ಪಡೆಯೊಂದರ ಮುಂದೆ ಹೊಸ ದಂಡನಾಯಕನಾಗಿ ಬಂದು ನಿಲ್ಲುವವನ ಪರೀಕ್ಷೆ ಬೇರೆ ಬಗೆಯದು. ಅವನ ಕೈಯಲ್ಲಿ ಗೆಲುವಿಲ್ಲ, ಸಾಕಷ್ಟು ಬಲವಿಲ್ಲ, ಕಾಲಾವಕಾಶವೂ ಇಲ್ಲ. ಇರುವವರು ಮನುಷ್ಯರು ಮಾತ್ರ. ಅವರೂ ತಮ್ಮ ಮೇಲೆ ತಾವೇ ನಂಬಿಕೆ ಕಳೆದುಕೊಂಡವರು.

ಮಹಾಭಾರತದ ಕರ್ಣಪರ್ವದಲ್ಲಿ ಇಂಥ ಒಂದು ಸಂದರ್ಭವಿದೆ. ಭೀಷ್ಮ ದ್ರೋಣರು ಬಿದ್ದ ಮೇಲೆ ಸೇನಾಪತ್ಯದ ಪಟ್ಟ ಕರ್ಣನಿಗೆ ಬರುತ್ತದೆ. ಅವನ ರಥಕ್ಕೆ ಶಲ್ಯ ಸಾರಥಿ. ಆ ಸಾರಥಿ ಕುದುರೆಗಳನ್ನು ಚೆನ್ನಾಗಿಯೇ ನಡೆಸುತ್ತಾನೆ. ಆದರೆ ಮಾತುಮಾತಿಗೂ ಕರ್ಣನನ್ನು ಹಳಿದು, ಅವನ ಹಿಂದಿನ ಸೋಲುಗಳನ್ನು ಎತ್ತಿ ಆಡಿ, ಅವನ ಒಳಗಿನ ಬೆಳಕನ್ನು ಕುಂದಿಸುತ್ತಾನೆ. ಇದಕ್ಕೆ ನಮ್ಮವರು ಇಟ್ಟ ಹೆಸರು ‘ತೇಜೋವಧೆ’. ಪ್ರಾಣವಧೆಗೆ ಬಾಣ ಬೇಕು. ತೇಜೋವಧೆಗೆ ಮಾತು ಸಾಕು. ಸೋತವರ ನಡುವೆ ಅಧಿಕಾರ ವಹಿಸಿಕೊಳ್ಳುವ ನಾಯಕನಿಗೆ ಶಲ್ಯನಾಗುವ ಆಸೆ ಬಹಳ ಬೇಗ ಹುಟ್ಟುತ್ತದೆ. ಹಿಂದಿನವರ ತಪ್ಪನ್ನು ಎತ್ತಿ ಹೇಳಿದಷ್ಟೂ ತನ್ನ ಎತ್ತರ ಹೆಚ್ಚಿದಂತೆ ಅವನಿಗೆ ತೋರುತ್ತದೆ. ಆ ಆಸೆಯನ್ನು ಗೆದ್ದ ಒಬ್ಬ ನೌಕಾಸೇನಾನಿಯನ್ನು ಕುರಿತು ಇಂದು ಕೆಲವು ಮಾತುಗಳನ್ನು ಹೇಳಬೇಕೆಂದಿದ್ದೇನೆ. ಅವರು ಅಮೆರಿಕದ ಅಡ್ಮಿರಲ್ ಚೆಸ್ಟರ್ ನಿಮಿಟ್ಸ್.

1941ರ ಡಿಸೆಂಬರ್ 7, ಭಾನುವಾರ. ಪೆಸಿಫಿಕ್ ಸಾಗರದ ನಡುವಿನ ಹವಾಯಿ ದ್ವೀಪಗಳಲ್ಲಿ ಪರ್ಲ್ ಹಾರ್ಬರ್ ಎಂಬ ಬಂದರು. ಬೆಳಗಿನ ಎಂಟು ಗಂಟೆಗೆ ಕೆಲವೇ ನಿಮಿಷಗಳಿರುವಾಗ ಜಪಾನಿನ ವಿಮಾನಗಳು ಅಲ್ಲಿ ಲಂಗರು ಹಾಕಿದ್ದ ಅಮೆರಿಕದ ನೌಕಾಪಡೆಯ ಮೇಲೆ ಎರಗಿದುವು. ಸುಮಾರು ಎರಡು ಗಂಟೆಗಳಲ್ಲಿ ಬಂದರಿನಲ್ಲಿದ್ದ ಎಂಟು ದೊಡ್ಡ ಯುದ್ಧನೌಕೆಗಳೂ ಏಟು ತಿಂದುವು. ಅವುಗಳಲ್ಲಿ ನಾಲ್ಕು ಮುಳುಗಿದುವು. ಸತ್ತವರ ಸಂಖ್ಯೆ 2,403. ಹತ್ತು ದಿನಗಳ ಒಳಗೆ ಅಲ್ಲಿಯ ದಂಡನಾಯಕರಾಗಿದ್ದ ಅಡ್ಮಿರಲ್ ಕಿಮ್ಮೆಲ್ ಅವರನ್ನು ಪದವಿಯಿಂದ ತೆಗೆದು, ಆ ಸ್ಥಾನಕ್ಕೆ ನಿಮಿಟ್ಸ್ ಅವರನ್ನು ನೇಮಿಸಿದರು. ನಿಮಿಟ್ಸ್ ಆಗ ವಾಷಿಂಗ್ಟನ್ನಿನಲ್ಲಿ ನೌಕಾದಳದ ಸಿಬ್ಬಂದಿಯ ನೇಮಕ, ವರ್ಗಾವಣೆ, ಬಡ್ತಿಗಳನ್ನು ನೋಡಿಕೊಳ್ಳುವ ಇಲಾಖೆಯ ಮುಖ್ಯಸ್ಥರಾಗಿದ್ದರು. ವಯಸ್ಸು ಐವತ್ತಾರು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಅದೇ ವರ್ಷದ ಆರಂಭದಲ್ಲಿ ಆ ಪದವಿ ನಿಮಿಟ್ಸ್ ಅವರನ್ನು ಹುಡುಕಿಕೊಂಡು ಬಂದಿತ್ತು. ತಮಗಿಂತ ಹಿರಿಯರು ಅನೇಕರಿದ್ದಾರೆ ಎಂಬ ಕಾರಣದಿಂದ ಅವರು ಅದನ್ನು ಒಲ್ಲೆನೆಂದರು. ಅದು ಕಿಮ್ಮೆಲ್ ಅವರಿಗೆ ಹೋಯಿತು. ಒಪ್ಪಿಕೊಂಡಿದ್ದರೆ ಡಿಸೆಂಬರ್ 7ರ ಬೆಳಿಗ್ಗೆ ಆ ಬಂದರಿನಲ್ಲಿ ನಿಂತು ತಮ್ಮ ಹಡಗುಗಳು ಉರಿಯುವುದನ್ನು ನೋಡಬೇಕಾಗಿದ್ದವರು ನಿಮಿಟ್ಸರೇ. ಈ ಅರಿವು ಅವರಿಗಿತ್ತು. ಆದದ್ದು ಯಾರಿಗೆ ಬೇಕಾದರೂ ಆಗಬಹುದಾಗಿತ್ತೆಂದು ಅವರು ಕಿಮ್ಮೆಲ್ ಅವರಿಗೆ ಹೇಳಿದರು. ಅದು ಬರಿಯ ಸಮಾಧಾನದ ಮಾತಾಗಿರಲಿಲ್ಲ.

ಶತ್ರುಗಳಿಗೆ ಸುಳಿವು ಸಿಗದಂತೆ ಸಾಮಾನ್ಯ ಉಡುಪಿನಲ್ಲಿ, ಹೆಂಡತಿಯ ತವರುಮನೆಯ ಹೆಸರನ್ನು ಇಟ್ಟುಕೊಂಡು, ನಿಮಿಟ್ಸ್ ರೈಲಿನಲ್ಲಿ ಪಶ್ಚಿಮ ಕರಾವಳಿಗೆ ಪ್ರಯಾಣಮಾಡಿದರು. ಕ್ರಿಸ್‌ಮಸ್ ಹಬ್ಬದ ದಿನ ಅವರ ಕಡಲ ವಿಮಾನ ಪರ್ಲ್ ಹಾರ್ಬರಿನಲ್ಲಿ ಇಳಿಯಿತು. ನೀರಿನ ಮೇಲೆಲ್ಲ ಎಣ್ಣೆ ಹರಡಿತ್ತು. ಡಿಸೆಂಬರ್ 31ರಂದು ಗ್ರೇಲಿಂಗ್ ಎಂಬ ಜಲಾಂತರ್ಗಾಮಿ ನೌಕೆಯ ಮೇಲೆ ನಿಂತು ಅವರು ಅಧಿಕಾರ ವಹಿಸಿಕೊಂಡರು.

ಕಿಮ್ಮೆಲ್ ಅವರ ಕೈಕೆಳಗೆ ಕೆಲಸ ಮಾಡುತ್ತಿದ್ದ ಅಧಿಕಾರಿಗಳ ಸ್ಥಿತಿಯನ್ನು ಕೇಳುಗರು ಊಹಿಸಿಕೊಳ್ಳಬಹುದು. ಬಿದ್ದವನಿಗೆ ಆಳಿಗೊಂದು ಕಲ್ಲು ಎಂಬುದು ಲೋಕದ ರೀತಿ. ದೇಶವೆಲ್ಲ ‘ಇದಕ್ಕೆ ಹೊಣೆ ಯಾರು?’ ಎಂದು ಕೂಗುತ್ತಿತ್ತು. ಹೊಸ ದಂಡನಾಯಕ ಬಂದಮೇಲೆ ತಮ್ಮನ್ನೆಲ್ಲ ಕಿತ್ತುಹಾಕಿ ಮೂಲೆಗೆ ಕಳುಹಿಸುವುದು ನಿಶ್ಚಯವೆಂದು ಅವರು ಕಾದಿದ್ದರು. ಅವರಲ್ಲಿ ಲೇಟನ್ ಎಂಬವರದು ಎಲ್ಲರಿಗಿಂತ ಕಷ್ಟದ ಸ್ಥಿತಿ. ಶತ್ರುವಿನ ಚಲನವಲನಗಳ ಸುದ್ದಿಯನ್ನು ದಂಡನಾಯಕನಿಗೆ ತಿಳಿಸುವ ಬೇಹಿನ ಅಧಿಕಾರಿ ಅವರು. ಶತ್ರು ಬಾಗಿಲಿಗೆ ಬಂದು ನಿಂತದ್ದು ತಿಳಿಯದೆ ಹೋಯಿತೆಂಬ ಅಪವಾದಕ್ಕೆ ಅವರಿಗಿಂತ ಹತ್ತಿರದವರು ಇನ್ನಾರಿದ್ದರು?

ನಿಮಿಟ್ಸ್ ಅವರನ್ನೆಲ್ಲ ಒಂದು ಕಡೆ ಸೇರಿಸಿದರು. ನಿಮ್ಮಲ್ಲಿ ನನಗೆ ಪೂರ್ಣ ವಿಶ್ವಾಸವಿದೆ, ನೀವು ಇಲ್ಲಿಯೇ ಉಳಿಯಬೇಕು ಎಂಬುದು ಅವರ ಮಾತಿನ ಸಾರ. ಲೇಟನ್ ತಮ್ಮನ್ನು ಸಮುದ್ರದ ಮೇಲಿನ ಕೆಲಸಕ್ಕೆ ಕಳುಹಿಸಬೇಕೆಂದು ಕೇಳಿಕೊಂಡರು, ನಿಮಿಟ್ಸ್ ಒಪ್ಪಲಿಲ್ಲ. ಯುದ್ಧ ಮುಗಿಯುವವರೆಗೂ ಲೇಟನ್ ಅದೇ ಹುದ್ದೆಯಲ್ಲಿ ಉಳಿದರು. ಈ ಒಂದು ನಿರ್ಧಾರದಲ್ಲಿ ಕರುಣೆ ಇದ್ದಂತೆ ವ್ಯವಹಾರಜ್ಞಾನವೂ ಇತ್ತು. ಸಿಬ್ಬಂದಿಯ ಇಲಾಖೆಯಲ್ಲಿದ್ದ ನಿಮಿಟ್ಸ್ ಅವರಿಗೆ ಆ ಅಧಿಕಾರಿಗಳ ಯೋಗ್ಯತೆ ಮೊದಲೇ ಗೊತ್ತಿತ್ತು. ಆ ಕ್ಷೇತ್ರದ ಅನುಭವವಿದ್ದವರನ್ನೆಲ್ಲ ಓಡಿಸಿ ಹೊಸಬರಿಂದ ಆರಂಭಿಸಿದ್ದರೆ ನಷ್ಟ ಇನ್ನೂ ಹೆಚ್ಚುತ್ತಿತ್ತು. ನಷ್ಟದ ಲೆಕ್ಕ ಹಾಕುವುದರ ಜೊತೆಗೆ ಉಳಿದದ್ದರ ಲೆಕ್ಕವನ್ನೂ ಹಾಕುವುದು ಅವರ ಸ್ವಭಾವ. ವಿಮಾನವಾಹಕ ನೌಕೆಗಳು ಅಂದು ಬಂದರಿನಲ್ಲಿರಲಿಲ್ಲ. ಎಣ್ಣೆಯ ಟ್ಯಾಂಕುಗಳು ಉಳಿದಿದ್ದುವು. ಹಡಗು ದುರಸ್ತಿಯ ಕಾರ್ಖಾನೆಗಳು ಉಳಿದಿದ್ದುವು. ಇದೇ ಹಡಗುಗಳು ನಡುಗಡಲಿನಲ್ಲಿ ಮುಳುಗಿದ್ದರೆ ಮೇಲೆತ್ತುವ ಮಾತೇ ಇರುತ್ತಿರಲಿಲ್ಲ, ಬಂದರಿನ ಆಳವಿಲ್ಲದ ನೀರಿನಲ್ಲಿ ಮುಳುಗಿದ್ದರಿಂದ ಕೆಲವನ್ನಾದರೂ ಎತ್ತಿ ನಿಲ್ಲಿಸಬಹುದು ಎಂದು ಅವರು ಎಣಿಸಿದರು.

ಈ ಮನೋಧರ್ಮ ಎಲ್ಲಿಂದ ಬಂತು? ಟೆಕ್ಸಾಸ್ ಪ್ರಾಂತದ ಫ್ರೆಡರಿಕ್ಸ್‌ಬರ್ಗ್ ಎಂಬ ಊರಿನಲ್ಲಿ, ಸಮುದ್ರದಿಂದ ಬಹುದೂರದಲ್ಲಿ, 1885ರಲ್ಲಿ ನಿಮಿಟ್ಸ್ ಜನಿಸಿದರು. ಹುಟ್ಟುವ ಮೊದಲೇ ತಂದೆ ತೀರಿಕೊಂಡಿದ್ದರು. ತಾರುಣ್ಯದಲ್ಲಿ ವ್ಯಾಪಾರದ ಹಡಗುಗಳಲ್ಲಿ ದುಡಿದು, ಆ ಊರಿನಲ್ಲಿ ಹೋಟೆಲು ನಡೆಸುತ್ತಿದ್ದ ತಾತನೇ ಅವರ ಮೊದಲ ಗುರು. ಕಲಿಯುವಷ್ಟು ಕಲಿ, ಮಾಡುವಷ್ಟು ಮಾಡು, ನಿನ್ನ ಕೈಮೀರಿದ್ದಕ್ಕೆ ಚಿಂತಿಸಬೇಡ ಎಂಬುದು ಆ ತಾತನ ಬೋಧೆ. ಗೀತೆಯನ್ನು ಓದಿದ ನಮಗೆ ಇದು ಹೊಸದಲ್ಲ. ಆದರೆ ಓದಿದ್ದು ಬೇರೆ, ಬದುಕಿನಲ್ಲಿ ಅದು ಒದಗಿಬರುವುದು ಬೇರೆ.

ಅದು ಒದಗಿಬಂದದ್ದು 1908ರ ಜುಲೈ ತಿಂಗಳಲ್ಲಿ. ಇಪ್ಪತ್ತಮೂರು ವರ್ಷದ ನಿಮಿಟ್ಸ್ ಆಗ ಡೆಕೇಟರ್ ಎಂಬ ಸಣ್ಣ ಯುದ್ಧನೌಕೆಯ ಒಡೆಯ. ಫಿಲಿಪೀನ್ಸಿನ ಬಟಾಂಗಸ್ ಕೊಲ್ಲಿಯನ್ನು ರಾತ್ರಿಯಲ್ಲಿ ಪ್ರವೇಶಿಸುವಾಗ ನೌಕೆ ಕೆಸರಿನ ದಿಬ್ಬಕ್ಕೆ ಹತ್ತಿ ನಿಂತುಬಿಟ್ಟಿತು. ಹಡಗನ್ನು ನೆಲಕ್ಕೆ ಹತ್ತಿಸುವುದು ನಾವಿಕನ ಪಾಲಿಗೆ ಮಹಾಪರಾಧ. ಆ ರಾತ್ರಿ ಬಿಡಿಸುವ ಪ್ರಯತ್ನಗಳೆಲ್ಲ ವಿಫಲವಾದ ಮೇಲೆ, ತಾತನ ಮಾತು ನೆನಪಾಗಿ, ಅವರು ಮೇಲ್ತಟ್ಟಿನಲ್ಲಿ ಮಂಚ ಹಾಕಿಸಿಕೊಂಡು ಮಲಗಿ ನಿದ್ರಿಸಿದರು. ಮರುದಿನ ಇನ್ನೊಂದು ಹಡಗು ಬಂದು ಎಳೆದು ಬಿಡಿಸಿತು. ಸೈನಿಕ ನ್ಯಾಯಾಲಯ ವಿಚಾರಣೆ ನಡೆಸಿ, ಕರ್ತವ್ಯದಲ್ಲಿ ಉಪೇಕ್ಷೆಯೆಂದು ಛೀಮಾರಿ ಹಾಕಿತು. ಅಲ್ಲಿಗೆ ಅವರ ವೃತ್ತಿ ಮುಗಿಯಬಹುದಾಗಿತ್ತು; ಮುಗಿಯಲಿಲ್ಲ. 1910ರಲ್ಲಿ ಒಂದು ಮೆಟ್ಟಿಲನ್ನು ದಾಟಿಸಿಯೇ ಅವರಿಗೆ ಬಡ್ತಿ ಕೊಟ್ಟರು. ಮನುಷ್ಯನನ್ನು ಅವನ ಒಂದು ರಾತ್ರಿಯ ತಪ್ಪಿನಿಂದ ಅಳೆಯಬಾರದೆಂದು ಮೇಲಿನವರು ಯಾರೋ ಬಗೆದದ್ದರಿಂದ ಅಮೆರಿಕಕ್ಕೆ ಒಬ್ಬ ದಂಡನಾಯಕ ಉಳಿದ. ತಾವು ಪಡೆದ ಆ ಸಾಲವನ್ನು ನಿಮಿಟ್ಸ್ ಮೂವತ್ತಮೂರು ವರ್ಷಗಳ ಮೇಲೆ ಪರ್ಲ್ ಹಾರ್ಬರಿನಲ್ಲಿ ತೀರಿಸಿದರೆಂದು ಹೇಳಬಹುದು.

ನಂಬಿಕೆ ಫಲಿಸುವುದಕ್ಕೆ ಬಹಳ ಕಾಲ ಬೇಕಾಗಲಿಲ್ಲ. 1942ರ ಮೇ ತಿಂಗಳು. ಬಂದರಿನ ಒಂದು ಕಟ್ಟಡದ ನೆಲಮಾಳಿಗೆಯಲ್ಲಿ ಕುಳಿತು ಜಪಾನೀ ನೌಕಾದಳದ ಗೂಢಲಿಪಿಯನ್ನು ಬಿಡಿಸುತ್ತಿದ್ದ ರೋಶ್‌ಫೋರ್ಟ್ ಎಂಬ ಅಧಿಕಾರಿ, ಶತ್ರುವಿನ ಮುಂದಿನ ಗುರಿ ಮಿಡ್‌ವೇ ಎಂಬ ಪುಟ್ಟ ಹವಳದ ದ್ವೀಪವೆಂದು ಹೇಳಿದರು. ವಾಷಿಂಗ್ಟನ್ನಿನ ಪರಿಣತರು ಅನೇಕರಿಗೆ ಇದು ಒಪ್ಪಿಗೆಯಾಗಲಿಲ್ಲ. ಜಪಾನೀಯರ ಸಂದೇಶಗಳಲ್ಲಿ ‘ಎ ಎಫ್’ ಎಂಬ ಗುರುತಿನ ಸ್ಥಳ ಬರುತ್ತಿತ್ತು. ಅದು ಯಾವುದೆಂಬುದೇ ವಿವಾದ. ಆಗ ಒಂದು ಉಪಾಯ ಮಾಡಿದರು. ಸಿಹಿನೀರು ತಯಾರಿಸುವ ತಮ್ಮ ಯಂತ್ರ ಕೆಟ್ಟಿದೆಯೆಂದು ಮಿಡ್‌ವೇಯಿಂದ ಎಲ್ಲರಿಗೂ ತಿಳಿಯುವ ಭಾಷೆಯಲ್ಲಿ ಸುಳ್ಳು ಸಂದೇಶ ಕಳುಹಿಸುವ ಏರ್ಪಾಟು ನಡೆಯಿತು. ಸ್ವಲ್ಪ ಕಾಲದಲ್ಲೇ ‘ಎ ಎಫ್‌ನಲ್ಲಿ ನೀರಿನ ಅಭಾವ’ ಎಂಬ ಅರ್ಥದ ಜಪಾನೀ ಸಂದೇಶ ಕೈಗೆ ಸಿಕ್ಕಿತು.

ಉಪಾಯ ಫಲಿಸಿತೆಂಬುದು ನಿಜ. ಆದರೆ ಅದನ್ನು ನಂಬಿ ಉಳಿದಿದ್ದ ಬಲವನ್ನೆಲ್ಲ ಒಂದೇ ಸ್ಥಳದಲ್ಲಿ ಪಣಕ್ಕೊಡ್ಡುವ ಹೊಣೆ ಒಬ್ಬನದು. ಲೇಟನ್ ಅವರನ್ನು ಕರೆದು ಶತ್ರು ಎಲ್ಲಿ, ಯಾವಾಗ ಕಾಣಿಸಬಹುದೆಂದು ನಿಖರವಾಗಿ ಹೇಳಲು ನಿಮಿಟ್ಸ್ ಒತ್ತಾಯಿಸಿದರು. ಆರು ತಿಂಗಳ ಹಿಂದೆ ಅಪವಾದಕ್ಕೆ ಗುರಿಯಾಗಿದ್ದ ಮನುಷ್ಯ ದಿನ, ಗಂಟೆ, ದಿಕ್ಕು, ದೂರಗಳನ್ನು ಹೇಳಿದರು. ಜೂನ್ 4ರ ಬೆಳಿಗ್ಗೆ ಶತ್ರು ಕಾಣಿಸಿದಾಗ ಆ ಎಣಿಕೆಗೂ ವಾಸ್ತವಕ್ಕೂ ಇದ್ದ ಅಂತರ ಐದು ನಿಮಿಷ, ಐದು ಡಿಗ್ರಿ, ಐದು ಮೈಲಿ. ಕೆಲಸದಿಂದ ತೆಗೆದುಹಾಕಿದ್ದರೆ ಆ ಮಾತನ್ನು ಹೇಳುವುದಕ್ಕೆ ಲೇಟನ್ ಅಲ್ಲಿರುತ್ತಿರಲಿಲ್ಲ.

ಯಾರ್ಕ್‌ಟೌನ್ ಎಂಬ ವಿಮಾನವಾಹಕ ನೌಕೆ ಹಿಂದಿನ ಕದನದಲ್ಲಿ ಗಾಯಗೊಂಡು ಮೇ 27ರಂದು ಬಂದರಿಗೆ ಬಂದಿತ್ತು. ದುರಸ್ತಿಗೆ ಮೂರು ತಿಂಗಳು ಬೇಕೆಂಬ ಅಂದಾಜಿತ್ತು. ನಿಮಿಟ್ಸ್ ದುರಸ್ತಿಯ ಕಟ್ಟೆಯ ನೀರು ಇಂಗುವ ಮೊದಲೇ ಉದ್ದನೆಯ ಬೂಟು ಹಾಕಿಕೊಂಡು ಅದರೊಳಗೆ ಇಳಿದು, ಹಡಗಿನ ಅಡಿಯನ್ನು ತಾವೇ ನೋಡಿ, ಮೂರು ದಿನಗಳಲ್ಲಿ ಹಡಗು ಬೇಕೆಂದರು. ಹಗಲಿರುಳು ಕೆಲಸ ನಡೆದು ಮೇ 30ರಂದು ಅದು ಹೊರಟಿತು. ಅದೇ ವೇಳೆಗೆ ವಿಮಾನವಾಹಕ ದಳದ ಹೆಸರಾಂತ ನಾಯಕ ಹಾಲ್ಸಿ ಚರ್ಮರೋಗದಿಂದ ಆಸ್ಪತ್ರೆ ಸೇರಿದ್ದರು. ಅವರ ಸಲಹೆಯಂತೆ ಸ್ಪ್ರೂಯೆನ್ಸ್ ಎಂಬ ಶಾಂತಸ್ವಭಾವದ ಅಧಿಕಾರಿಯನ್ನು ನಿಮಿಟ್ಸ್ ಆರಿಸಿದರು. ಅವರು ವಿಮಾನ ಹಾರಿಸಿದವರಲ್ಲ. ಅವರಿಗೂ ಹಿರಿಯರಾದ ಫ್ಲೆಚರ್ ಅವರಿಗೂ ಕೊಟ್ಟ ಆದೇಶದ ಸಾರ ಇಷ್ಟೆ: ಅಪಾಯವನ್ನು ಲೆಕ್ಕ ಹಾಕಿ ಎದುರಿಸಿ, ಶತ್ರುವಿಗೆ ಹೆಚ್ಚಿನ ನಷ್ಟ ಮಾಡುವ ಭರವಸೆಯಿಲ್ಲದಿದ್ದರೆ ನಿಮ್ಮ ಹಡಗುಗಳನ್ನು ಅವನ ಬಲಕ್ಕೆ ಒಡ್ಡಬೇಡಿ. ಲೆಕ್ಕ ಹಾಕುವವರು ಅವರೇ, ದಡದಲ್ಲಿ ಕುಳಿತವರಲ್ಲ.

ಆ ಕದನದಲ್ಲಿ ಜಪಾನಿನ ನಾಲ್ಕು ವಿಮಾನವಾಹಕ ನೌಕೆಗಳು ನಾಶವಾದುವು. ಯಾರ್ಕ್‌ಟೌನ್ ಕೂಡ ಮುಳುಗಿತು. ಹಾರ್ನೆಟ್ ನೌಕೆಯಿಂದ ಹೊರಟ ಹದಿನೈದು ಟಾರ್ಪೆಡೊ ವಿಮಾನಗಳಲ್ಲಿ ಒಂದೂ ಹಿಂದಿರುಗಲಿಲ್ಲ. ಅವುಗಳಲ್ಲಿದ್ದ ಮೂವತ್ತು ಮಂದಿಯಲ್ಲಿ ಬದುಕಿದವನು ಒಬ್ಬನೇ. ಲೆಕ್ಕ ಹಾಕಿದ ಅಪಾಯವೆಂಬ ಮಾತಿನ ಒಳಗೆ ಇಂಥ ಲೆಕ್ಕವೂ ಇದೆಯೆಂಬುದನ್ನು ನಾವು ಮರೆಯಲಾಗದು. ಆ ರಾತ್ರಿ ಸ್ಪ್ರೂಯೆನ್ಸ್ ಶತ್ರುವನ್ನು ಅಟ್ಟಿಸಿಕೊಂಡು ಹೋಗದೆ ಪೂರ್ವಕ್ಕೆ ತಿರುಗಿದರು. ಇದನ್ನು ಟೀಕಿಸಿದವರು ಉಂಟು. ನಿಮಿಟ್ಸ್ ಮಾತ್ರ, ಸ್ಥಳದಲ್ಲಿರುವವನಿಗೆ ತಿಳಿದದ್ದು ಮೇಜಿನ ಮುಂದೆ ಕುಳಿತವನಿಗೆ ತಿಳಿಯದೆಂಬ ನಿಲುವಿನಲ್ಲಿದ್ದು ಕೈಹಾಕಲಿಲ್ಲ. ಕೈಹಾಕುವ ಅಧಿಕಾರವಿದ್ದೂ ಸುಮ್ಮನಿರುವುದು ಸೇನಾನಿಗೆ ಸುಲಭದ ಕೆಲಸವಲ್ಲ.

ಹಾಗೆಂದು ನಿಮಿಟ್ಸ್ ಎಲ್ಲರನ್ನೂ ಎಲ್ಲ ಕಾಲದಲ್ಲೂ ಕ್ಷಮಿಸುವ ಸಾಧುಗಳಲ್ಲ. 1942ರ ಆಗಸ್ಟಿನಲ್ಲಿ ಅಮೆರಿಕದ ಸೈನಿಕರು ಗ್ವಾಡಲ್‌ಕೆನಾಲ್ ದ್ವೀಪದಲ್ಲಿ ಇಳಿದರು. ಎರಡೇ ದಿನಗಳಲ್ಲಿ ಸಾವೊ ದ್ವೀಪದ ಬಳಿ ಒಂದೇ ರಾತ್ರಿ ನಾಲ್ಕು ದೊಡ್ಡ ಕ್ರೂಸರ್ ನೌಕೆಗಳು ನಷ್ಟವಾದುವು. ಆ ವಲಯದ ದಂಡನಾಯಕ ಗಾರ್ಮ್‌ಲಿ ನಿಮಿಟ್ಸರ ಹಳೆಯ ಸ್ನೇಹಿತರು. ಸೆಪ್ಟೆಂಬರಿನ ಕೊನೆಯಲ್ಲಿ ನಿಮಿಟ್ಸ್ ತಾವೇ ಅಲ್ಲಿಗೆ ಹೋಗಿ ನೋಡಿದರು. ಕೆಲಸದ ಭಾರದಿಂದ ಬಳಲಿ ನಿರಾಶರಾಗಿದ್ದ ಗಾರ್ಮ್‌ಲಿ ತಮ್ಮ ಕೈಕೆಳಗಿನ ಸೈನಿಕರು ಕಾದಾಡುತ್ತಿದ್ದ ದ್ವೀಪಕ್ಕೆ ಒಮ್ಮೆಯೂ ಹೋಗಿರಲಿಲ್ಲ. ನಿಮಿಟ್ಸ್ ಮಳೆಯಲ್ಲಿ ವಿಮಾನ ಹತ್ತಿ ಆ ದ್ವೀಪಕ್ಕೂ ಹೋದರು. ಅಕ್ಟೋಬರ್ 18ರಂದು ಗಾರ್ಮ್‌ಲಿಯವರ ಸ್ಥಾನಕ್ಕೆ ಹಾಲ್ಸಿ ಬಂದರು. ಮುಗಿದುಹೋದ ತಪ್ಪಿಗಾಗಿ ಶಿಕ್ಷಿಸುವುದು ಬೇರೆ, ಮುಂದೆ ಕೆಲಸ ನಡೆಯದೆಂದು ಬದಲಾಯಿಸುವುದು ಬೇರೆ. ಈ ಎರಡರ ಅಂತರ ಅವರಿಗೆ ಸ್ಪಷ್ಟವಾಗಿತ್ತು. ಸ್ನೇಹಕ್ಕಾಗಿ ಸುಮ್ಮನಿದ್ದರೆ ದ್ವೀಪದಲ್ಲಿದ್ದ ಸಾವಿರಾರು ಮಂದಿ ಅದರ ಬೆಲೆ ತೆರಬೇಕಾಗುತ್ತಿತ್ತು.

ಅದೇ ಭೇಟಿಯಲ್ಲಿ, ದ್ವೀಪದ ಸೈನ್ಯಾಧಿಪತಿ ವಾಂಡರ್‌ಗ್ರಿಫ್ಟ್ ನಿಮಿಟ್ಸರಿಗೆ ಒಂದು ಮಾತು ಹೇಳಿದರು. ನೌಕಾದಳದ ನಿಯಮಗಳನ್ನು ತಿದ್ದುವಾಗ, ಹಡಗನ್ನು ನೆಲಕ್ಕೆ ಹತ್ತಿಸಿದವನಿಗೆ ಉಳಿಗಾಲವಿಲ್ಲವೆಂಬ ಭಯವನ್ನು ದಯವಿಟ್ಟು ತೆಗೆದುಹಾಕಿ. ಆ ಭಯದಿಂದ ಅನೇಕ ಕಪ್ತಾನರು ಹಡಗುಗಳನ್ನು ಅಪಾಯಕ್ಕೆ ಒಡ್ಡಲು ಹಿಂಜರಿಯುತ್ತಿದ್ದಾರೆ ಎಂಬುದು ಅವರ ಕೋರಿಕೆ. ಆ ಮಾತನ್ನು ಕೇಳುತ್ತಿದ್ದವರು ಡೆಕೇಟರ್ ನೌಕೆಯ ಹಳೆಯ ಒಡೆಯರು. ಶಿಕ್ಷೆಯ ಭಯದಲ್ಲಿರುವವನು ತಪ್ಪುಮಾಡುವುದು ಕಡಮೆ. ಆದರೆ ಅವನು ಏನನ್ನೂ ಮಾಡುವುದೂ ಕಡಮೆ.

ಇಲ್ಲಿ ಒಂದು ಕಠಿನವಾದ ಪ್ರಶ್ನೆ ಏಳುತ್ತದೆ. 1944ರ ಡಿಸೆಂಬರ್ 18ರಂದು ಹಾಲ್ಸಿ ತಮ್ಮ ನೌಕಾಪಡೆಯನ್ನು ಭಯಂಕರ ಚಂಡಮಾರುತದ ನಡುವೆ ಒಯ್ದರು. ಮೂರು ಡಿಸ್ಟ್ರಾಯರ್ ನೌಕೆಗಳು ಮುಳುಗಿ, ಸುಮಾರು 790 ಮಂದಿ ಸತ್ತರು. ವಿಚಾರಣಾ ಮಂಡಲಿ ಹೆಚ್ಚಿನ ಹೊಣೆ ಹಾಲ್ಸಿಯದೆಂದಿತು. ಆದರೆ ಯುದ್ಧದ ಒತ್ತಡದಲ್ಲಿ ಆದ ವಿವೇಚನೆಯ ತಪ್ಪೆಂದು ಪರಿಗಣಿಸಿದ್ದರಿಂದ ಅವರಿಗೆ ಶಿಕ್ಷೆಯಾಗಲಿಲ್ಲ. ಕಿಮ್ಮೆಲ್ ಒಂದು ಬೆಳಗಿನಲ್ಲಿ ಎಲ್ಲವನ್ನೂ ಕಳೆದುಕೊಂಡರು, ಹಾಲ್ಸಿ ಉಳಿದರು. ಇದು ನ್ಯಾಯವೇ? ಸತ್ತ ನಾವಿಕರ ತಾಯಂದಿರು ಕೇಳಿದ್ದರೆ ಉತ್ತರಿಸುವುದು ಕಷ್ಟ. ನಿಮಿಟ್ಸ್ ಮಾಡಿದ್ದು ಇಷ್ಟು: 1945ರ ಫೆಬ್ರವರಿಯಲ್ಲಿ ಇಡೀ ನೌಕಾಪಡೆಗೆ ಒಂದು ದೀರ್ಘವಾದ ಪತ್ರ ಬರೆದರು. ದೂರದ ಹವಾಮಾನ ವರದಿಯನ್ನೇ ನಂಬಿ ಕೂರಬೇಡಿ. ಗಾಳಿಯನ್ನೂ ಅಲೆಯನ್ನೂ ನೀವೇ ನೋಡಿ ನಿರ್ಣಯಿಸಿ. ಹಡಗನ್ನು ಕಾಪಾಡುವ ಕ್ರಮಗಳನ್ನು ಕೈಲಾಗುವಾಗಲೇ ಕೈಕೊಳ್ಳಿ ಎಂಬುದು ಅದರ ತಾತ್ಪರ್ಯ. ಸಾವಿನಿಂದ ದೋಷಾರೋಪವನ್ನಲ್ಲ, ಪಾಠವನ್ನು ತೆಗೆಯುವುದು ಅವರ ಮಾರ್ಗ. ಆ ಮಾರ್ಗ ಎಲ್ಲ ಪ್ರಶ್ನೆಗಳಿಗೂ ಉತ್ತರವಲ್ಲ.

ಅವರ ಮೃದುತ್ವಕ್ಕೆ ಇನ್ನೊಂದು ಮಿತಿಯೂ ಇತ್ತು. ಮಿಡ್‌ವೇ ಗೆಲುವಿನಲ್ಲಿ ದೊಡ್ಡ ಪಾಲು ರೋಶ್‌ಫೋರ್ಟ್ ಅವರದೆಂದು ನಿಮಿಟ್ಸ್ ಮುಕ್ತವಾಗಿ ಹೇಳಿದರು; ಪದಕಕ್ಕೆ ಶಿಫಾರಸನ್ನೂ ಮಾಡಿದರು. ವಾಷಿಂಗ್ಟನ್ ಅದನ್ನು ಒಪ್ಪಲಿಲ್ಲ. ಕೆಲವೇ ತಿಂಗಳಲ್ಲಿ ರೋಶ್‌ಫೋರ್ಟ್ ಅವರನ್ನು ಪರ್ಲ್ ಹಾರ್ಬರಿನಿಂದಲೇ ಎತ್ತಿಹಾಕಿದರು. ಮೇಲಿನವರೊಡನೆ ಜಗಳಕ್ಕೆ ನಿಲ್ಲುವ ಸ್ವಭಾವ ನಿಮಿಟ್ಸರದಲ್ಲ. ಆ ಪದಕ ದೊರೆತದ್ದು 1986ರಲ್ಲಿ; ರೋಶ್‌ಫೋರ್ಟ್ ಸತ್ತು ಹತ್ತು ವರ್ಷಗಳಾಗಿದ್ದುವು.

ಯುದ್ಧ ಮುಗಿಯಿತು. 1945ರ ಸೆಪ್ಟೆಂಬರ್ 2ರಂದು ಟೋಕಿಯೋ ಕೊಲ್ಲಿಯಲ್ಲಿ ಮಿಸ್ಸೂರಿ ನೌಕೆಯ ಮೇಲೆ ಜಪಾನಿನ ಶರಣಾಗತಿಯ ಪತ್ರಕ್ಕೆ ಅಮೆರಿಕದ ಪರವಾಗಿ ನಿಮಿಟ್ಸ್ ಸಹಿಹಾಕಿದರು. ಅಂದು ಅಲ್ಲಿರಲು ಅವರು ಕರೆದೊಯ್ದವರಲ್ಲಿ ಲೇಟನ್ ಒಬ್ಬರು. ಮರುವರ್ಷ ನ್ಯೂರೆಂಬರ್ಗಿನ ನ್ಯಾಯಾಲಯದಲ್ಲಿ ಜರ್ಮನಿಯ ಅಡ್ಮಿರಲ್ ಡ್ಯೋನಿಟ್ಸ್ ಅವರ ವಿಚಾರಣೆ ನಡೆದಾಗ, ಎಚ್ಚರಿಕೆ ಕೊಡದೆ ವ್ಯಾಪಾರದ ಹಡಗುಗಳನ್ನು ಜಲಾಂತರ್ಗಾಮಿಗಳಿಂದ ಮುಳುಗಿಸಿದ್ದು ಅವರ ಮೇಲಿನ ಆರೋಪಗಳಲ್ಲಿ ಒಂದು. ಪ್ರತಿವಾದಿಯ ವಕೀಲರ ಪ್ರಶ್ನೆಗಳಿಗೆ ನಿಮಿಟ್ಸ್ ಲಿಖಿತ ಉತ್ತರ ಕಳುಹಿಸಿದರು. ಪೆಸಿಫಿಕ್ ಸಾಗರದಲ್ಲಿ ಯುದ್ಧದ ಮೊದಲ ದಿನದಿಂದ ತಮ್ಮವರೂ ಹಾಗೆಯೇ ಹೋರಾಡಿದರೆಂದು ಅದರಲ್ಲಿ ಒಪ್ಪಿಕೊಂಡರು. ಬೇರೆ ಅಪರಾಧಗಳಿಗಾಗಿ ಡ್ಯೋನಿಟ್ಸ್ ಅವರಿಗೆ ಹತ್ತು ವರ್ಷಗಳ ಸೆರೆಯಾಯಿತು. ಜಲಾಂತರ್ಗಾಮಿ ಯುದ್ಧದ ಈ ದೋಷವನ್ನು ಮಾತ್ರ ಶಿಕ್ಷೆಯ ಲೆಕ್ಕಕ್ಕೆ ಹಿಡಿಯಲಿಲ್ಲ. ಗೆದ್ದವನು ಸೋತವನ ಬಗ್ಗೆ ಸತ್ಯ ನುಡಿಯಬೇಕಾದರೆ ಮೊದಲು ತನ್ನ ಬಗ್ಗೆ ನುಡಿಯಬೇಕು.

ಜಪಾನೀಯರನ್ನು ಕುರಿತೂ ಅವರಲ್ಲಿ ದ್ವೇಷ ಉಳಿಯಲಿಲ್ಲ. 1905ರಲ್ಲಿ, ರಷ್ಯವನ್ನು ಸೋಲಿಸಿದ ಅಡ್ಮಿರಲ್ ಟೋಗೋ ಅವರನ್ನು ನಿಮಿಟ್ಸ್ ತರುಣರಾಗಿ ಕಂಡಿದ್ದರು. 1934ರಲ್ಲಿ ಟೋಗೋ ಅವರ ಅಂತ್ಯಕ್ರಿಯೆಯ ಸಂದರ್ಭದಲ್ಲಿಯೂ ಜಪಾನಿಗೆ ಹೋಗಿದ್ದರು. ಟೋಗೋ ಅವರ ನೌಕೆ ಮಿಕಾಸ ಯುದ್ಧಾನಂತರ ಹಾಳುಬಿದ್ದಾಗ ಅದರ ಜೀರ್ಣೋದ್ಧಾರಕ್ಕೆ ಸಹಾಯಮಾಡಿದರು. ನಮ್ಮ ದೇಶದ ಇತಿಹಾಸದ ಅಂಚಿನಲ್ಲಿಯೂ ಅವರ ಹೆಸರು ಬರುತ್ತದೆ. ಕಾಶ್ಮೀರದಲ್ಲಿ ಜನಮತ ಗಣನೆಯ ಆಡಳಿತಾಧಿಕಾರಿಯಾಗಿ ವಿಶ್ವಸಂಸ್ಥೆ 1949ರಲ್ಲಿ ನೇಮಿಸಿದ್ದು ಇವರನ್ನೇ. ಆ ಗಣನೆ ನಡೆಯಲಿಲ್ಲ.

ನಿಮಿಟ್ಸ್ ಆತ್ಮಕಥೆ ಬರೆಯಲಿಲ್ಲ. ಬರೆದರೆ ಜೊತೆಯವರ ತಪ್ಪುಗಳನ್ನೂ ಬರೆಯಬೇಕಾಗುತ್ತಿತ್ತು. 1966ರ ಫೆಬ್ರವರಿ 20ರಂದು ಅವರು ತೀರಿಕೊಂಡರು. ಕ್ಯಾಲಿಫೋರ್ನಿಯದ ಗೋಲ್ಡನ್ ಗೇಟ್ ಸೈನಿಕ ಸ್ಮಶಾನದಲ್ಲಿ, ಸಾಮಾನ್ಯ ಸೈನಿಕರಿಗೆ ಇಡುವಂಥದೇ ಕಲ್ಲಿನ ಕೆಳಗೆ ಅವರ ಸಮಾಧಿಯಿದೆ. ಪಕ್ಕದಲ್ಲಿ ಸ್ಪ್ರೂಯೆನ್ಸ್ ಇದ್ದಾರೆ.

ನೌಕಾಪಡೆಯನ್ನು ನಡೆಸುವ ಪ್ರಸಂಗ ನಮ್ಮಲ್ಲಿ ಹೆಚ್ಚು ಮಂದಿಗೆ ಬರುವುದಿಲ್ಲ. ಆದರೆ ಕೆಟ್ಟುನಿಂತ ಕಚೇರಿ, ಫಲಿತಾಂಶ ಕುಸಿದ ಶಾಲೆ, ಸಾಲದಲ್ಲಿ ಮುಳುಗಿದ ಮನೆ, ಇವುಗಳ ಹೊಣೆ ಹೊತ್ತು ಒಳಗೆ ಕಾಲಿಡುವ ಪ್ರಸಂಗ ಅನೇಕರಿಗೆ ಬಂದೇ ಬರುತ್ತದೆ. ಅಲ್ಲಿ ತಲೆತಗ್ಗಿಸಿ ನಿಂತವರು ನಮ್ಮ ಮೊದಲ ಮಾತಿಗಾಗಿ ಕಾಯುತ್ತಿರುತ್ತಾರೆ. ಅವರು ಮುಂದೆ ಏನಾಗಬಲ್ಲರೆಂಬುದು ಬಹುಮಟ್ಟಿಗೆ ಆ ಮೊದಲ ಮಾತಿನಲ್ಲಿಯೇ ನಿಶ್ಚಯವಾಗಿಬಿಡುತ್ತದೆ.